ನಡುರಾಗದಲ್ಲಿ ಬಂದ ಶಾಲು

ಕೊಪ್ಪಳದಲ್ಲಿ ಈ ಕಥೆಯನ್ನು ಹೇಳುವುದು ಹೀಗೆ: "ಆ ಹುಡುಗಿ ಹಾಡೋದೇನೋ ಛಲೋ ಹಾಡ್ತಾಳ, ಆದ್ರ ಕೊಬ್ಬು ಭಾಳ. ಕರದು ಸನ್ಮಾನ ಮಾಡಿದ್ರ ಅರ್ಧಕ್ಕ ಎದ್ದು ಹೋದಳು ನೋಡ್ರಿ." ಕುಷ್ಟಗಿ ಮುಟ್ಟುವಷ್ಟರಲ್ಲಿ ಇದಕ್ಕೊಂದು ಎಳೆ ಸೇರುತ್ತದೆ, ಶಾಲು ಕಿತ್ತು ಒಗೆದಳಂತೆ. ಯಲಬುರ್ಗಾಕ್ಕೆ ಹೋದಾಗ ತಂಬೂರಿಯೂ ಒಡೆದಿರುತ್ತದೆ. ಆ ಹುಡುಗಿ ನನ್ನ ಅಕ್ಕ, ಆ ತಂಬೂರಿ ಹಿಡಿದು ಕೂತಿದ್ದವಳು ನಾನು. ಒಡೆದಿಲ್ಲ. ಈಗಲೂ ಕೊಪ್ಪಳದ ನಮ್ಮ ಮನೆಯ ಅಲಮಾರಿನ ಪಕ್ಕ ಗವಸು ಹಾಕಿಕೊಂಡು ನಿಂತಿದೆ. ಆ ಗವಸನ್ನು ಅಮ್ಮ ಹೊಲಿದದ್ದು ಅಕ್ಕನಿಗೆ ಬಂದ ಸನ್ಮಾನದ ಶಾಲುಗಳಿಂದಲೇ. ಕಿತ್ತೊಗೆಯುವ ಮನೆತನದವರು ಅಷ್ಟು ಶಾಲು ಕೂಡಿಹಾಕಿಟ್ಟಿರುತ್ತಾರೇನು?

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಮಗೆ ಕಲಿಸಿದ ಒಂದು ಪಾಠವಿದೆ. ಎದುರಿನವರ ತೀರ್ಮಾನದ ಜೊತೆ ಗುದ್ದಾಡಬೇಡ, ಅದು ಕೂತಿರುವ ಕಟ್ಟೆಯನ್ನು ತಟ್ಟಿ ನೋಡು. ತಟ್ಟಿ ನೋಡಿದರೆ ಈ ಕಥೆಯ ಕಟ್ಟೆ ಟೊಳ್ಳು. ಅಕ್ಕ ಅರ್ಧಕ್ಕೆ ಎದ್ದು ಹೋಗಲಿಲ್ಲ. ಕಛೇರಿಯನ್ನು ಮುಗಿಸಿ, ಕೈ ಮುಗಿದು, ಎದ್ದಳು. ಹೇಗೆ ಮುಗಿಸಿದಳು ಎಂಬುದು ಸಭೆಯಲ್ಲಿ ಬಹುಮಂದಿಗೆ ತಿಳಿಯಲಿಲ್ಲ, ಅದು ಅವರ ತಪ್ಪಲ್ಲ. ತಿಳಿದವರೊಬ್ಬರಿದ್ದರು. ನನ್ನ ತಕರಾರು ಅವರ ಜೊತೆ.

ಅವರು ಕಾಕಾ. ನಮ್ಮಪ್ಪನ ತಮ್ಮ. ಗಂಗಾವತಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಭತ್ತದ ಹಂಗಾಮಿನಲ್ಲಿ ಅಂಗಡಿ ತುಂಬ ಮಂದಿ ಗಿಜಿಗುಟ್ಟುತ್ತಿದ್ದರೂ ಗಲ್ಲಾದ ಹಿಂದೆ ಹಳೆಯ ಟೇಪಿನಲ್ಲಿ ಹಿಂದೂಸ್ತಾನಿ ಖಯಾಲು ನಡೆದಿರುತ್ತಿತ್ತು. ಕಾಲುವೆ ಕಡೆಯ ವಲಸಿಗರ ಕ್ಯಾಂಪಿನಿಂದ ಬಂದ ರೈತರೊಬ್ಬರು, "ಸೇಠ, ಈ ಅಳೋ ಹಾಡು ಬಂದ್ ಮಾಡಿದ್ರ ಇನ್ನೊಂದು ಚೀಲ ಹೆಚ್ಚಿಗಿ ಒಯ್ತೀನಿ" ಎಂದಿದ್ದಕ್ಕೆ, "ಚೀಲ ಬಿಟ್ಟು ಹೋಗ್ರಿ, ಹಾಡು ಇರ್ಲಿ" ಎಂದವರು ಅವರು. ನಾನು, ಅಕ್ಕ ರಜೆಗೆ ಹೋದರೆ ನಮ್ಮನ್ನು ಅಂಗಡಿಯ ಮೂಲೆಯಲ್ಲಿ ಚೀಲದ ಮೇಲೆ ಕೂಡಿಸಿ ಆಟ ಆಡಿಸುತ್ತಿದ್ದರು. ಟೇಪು ನಡೆದಿರುವಾಗ ಥಟ್ಟನೆ ಬೆರಳೆತ್ತಿ, "ಈಗ ಯಾವ ಸ್ವರದ ಮ್ಯಾಲ ಅದಾನ? ಹೇಳ್ರಿ ಲಗು!" ಸರಿ ಹೇಳಿದವರಿಗೆ ಮಿರ್ಚಿ. ಅಕ್ಕ ಬೆರಳು ಪೂರ್ತಿ ಮೇಲೇಳುವ ಮೊದಲೇ ಹೇಳಿಬಿಡುತ್ತಿದ್ದಳು. ನಾನು ತಪ್ಪು ಹೇಳಿ, ಯಾಕೆ ಅದೇ ಸರಿ ಎಂದು ವಾದ ಮಾಡುತ್ತಿದ್ದೆ. "ಇಕಿ ವಕೀಲವ್ವ ಆಗ್ತಾಳ" ಎಂದು ನನಗೂ ಅರ್ಧ ಮಿರ್ಚಿ ಕೊಡುತ್ತಿದ್ದರು. ಆ ಹೆಸರು ಹಾಗೆಯೇ ಉಳಿಯಿತು.

ಅಕ್ಕ ಮುಂದೆ ಸಂಗೀತ ಕಲಿತಳು, ಗಂಗಾವತಿಯ ಒಂದು ಸಾಲಿಯಲ್ಲಿ ಸಂಗೀತದ ಟೀಚರ್ ಆದಳು. ನಾನು ಅವಳ ಹಿಂದೆ ತಂಬೂರಿ ಹಿಡಿದೆ. "ಮಶೀನ್ ತಂಬೂರಿಗೆ ಕರೆಂಟ್ ಬೇಕು, ತಂಗಿಗೆ ಬೇಕಾಗಿಲ್ಲ" ಎಂದು ಅವಳ ಲೆಕ್ಕಾಚಾರ. ಜಗತ್ತಿನಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂಡುವ ಜಾಗ ಅದೊಂದೇ. ಆದರೆ ಕಣ್ಣು ಮುಚ್ಚಬೇಕಾಗಿಲ್ಲವಲ್ಲ. ಹಾಡುವವರಿಗೆ ಸಭೆ ಕಾಣುವುದಿಲ್ಲ, ಸಭೆಗೆ ತಂಬೂರಿಯವಳು ಕಾಣುವುದಿಲ್ಲ. ನನಗೆ ಎಲ್ಲರೂ ಕಾಣುತ್ತಾರೆ.

ಹಾಗಾಗಿ "ನಮ್ಮ ಕಡೆ ಮಂದಿಗಿ ಹಾಡು ಕೇಳೋ ಪುರುಸೊತ್ತು ಎಲ್ಲೈತ್ರಿ" ಎಂದು ಯಾರಾದರೂ ವೇದಿಕೆ ಮೇಲಿಂದ ಹೇಳಿದಾಗ ನನಗೆ ಮೈ ಉರಿಯುತ್ತದೆ. ಮಂದಿ ಕೇಳುತ್ತಾರೆ. ಕೇಳುವುದನ್ನು ನಾನು ನೋಡಿದ್ದೇನೆ. ಕೇಳಲು ಬಿಡದಿರುವುದು ವೇದಿಕೆ. ನಮ್ಮಲ್ಲಿ ಯಾವುದೇ ಕಾರ್ಯಕ್ರಮವಿರಲಿ, ಹಾಡು ನಡೆದಿರುವಾಗ ಗಣ್ಯರೊಬ್ಬರು ಬಾಗಿಲಲ್ಲಿ ಕಂಡರೆ ಸಾಕು, ಮೈಕಿನವನು "ಒಂದ್ ನಿಮಿಷ, ಒಂದ್ ನಿಮಿಷ" ಎನ್ನುತ್ತಾನೆ, ಹಾಡು ನಿಲ್ಲುತ್ತದೆ, ಶಾಲು, ಹಾರ, ಹಣ್ಣಿನ ಬುಟ್ಟಿ, ತಲೆಗೆ ಪೇಟ, ಫೋಟೋ. ಆಮೇಲೆ "ಈಗ ಗಾಯನ ಮುಂದುವರಿಯಲಿ." ನಲ್ಲಿ ಬಂದ್ ಮಾಡಿ ಮತ್ತೆ ತಿರುವಿದ ಹಾಗೆ.

ನ್ಯಾಯವಾಗಿ ಹೇಳಬೇಕೆಂದರೆ, ಎಲ್ಲ ಕಡೆಯೂ ಇದರಿಂದ ಹಾನಿ ಇಲ್ಲ. ಕಾಕಾ ನನ್ನ ಮೇಲೆ ಎಸೆಯುವ ಮುಖ್ಯ ವಾದವೇ ಇದು, ಆದ್ದರಿಂದ ನಾನೇ ಹೇಳಿಬಿಡುತ್ತೇನೆ.

ಕುಷ್ಟಗಿಯಲ್ಲಿ ಅಕ್ಕ ಕೆಲವು ದಿನ ಚಿತ್ರಗೀತೆಯ ಆರ್ಕೆಸ್ಟ್ರಾಕ್ಕೆ ಹಾಡಿದಳು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದೆ. ಅಲ್ಲಿ ಹಾಡಿನ ನಡುವೆ ಶಾಲು ಬರುತ್ತದೆ, ಹುಟ್ಟುಹಬ್ಬದ ಶುಭಾಶಯ ಬರುತ್ತದೆ, ದಾರಿಗೆ ಅಡ್ಡ ನಿಂತ ಬೈಕಿನ ನಂಬರು ಬರುತ್ತದೆ. ಡ್ರಮ್ಮಿನವನು ಶಾಲಿಗೊಂದು ದಢದಢ ಬಾರಿಸುತ್ತಾನೆ, ಅಕ್ಕ ಪಲ್ಲವಿ ಮತ್ತೊಮ್ಮೆ ಎತ್ತಿಕೊಳ್ಳುತ್ತಾಳೆ, ಮಂದಿ ಶಿಳ್ಳೆ ಹೊಡೆಯುತ್ತಾರೆ. ಆ ಹಾಡು ನಮ್ಮೂರಿನ ಬಸ್ಸಿದ್ದಂತೆ, ಕೈ ಮಾಡಿದಲ್ಲಿ ನಿಂತು ಹತ್ತಿಸಿಕೊಂಡು ಹೋಗುತ್ತದೆ.

ಯಲಬುರ್ಗಾ ಕಡೆಯ ಹಳ್ಳಿಯೊಂದರಲ್ಲಿ ಗೀಗಿ ಪದ ಕೇಳಿದ್ದು ನನ್ನ ಪಾಲಿನ ಹಬ್ಬ. ಒಂದು ಮೇಳ ಗಂಡು ಹೆಚ್ಚು ಎನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಎನ್ನುತ್ತದೆ, ಪದಕ್ಕೆ ಪದ, ಏಟಿಗೆ ಏಟು. ಕಾಲೇಜಿನ ಚರ್ಚಾಸ್ಪರ್ಧೆಗೆ ಇವರನ್ನೇ ತೀರ್ಪುಗಾರರಾಗಿ ಕರೆಸಬೇಕಿತ್ತು ಎನಿಸಿತು. ನಡುವೆ ಊರಿನ ಹಿರಿಯರೊಬ್ಬರು ತಡವಾಗಿ ಬಂದರು. ಹೆಣ್ಣಿನ ಪಕ್ಷದ ಹಾಡುಗಾರ್ತಿ ದಪ್ಪು ಬಾರಿಸುವುದನ್ನು ಬಿಡದೆ ಅವರನ್ನೇ ಪದದೊಳಗೆ ಎಳೆದುಕೊಂಡಳು. ಮನೆಯಲ್ಲಿ ಹೆಂಡತಿ ಊಟಕ್ಕೆ ಬಡಿಸುವತನಕ ಹೊರಗೆ ಬರಲಾಗದ ಗಂಡಸು, ಇವನೇ ನನ್ನ ಸಾಕ್ಷಿ ಎಂದು ಕಟ್ಟಿ ಹಾಡಿದಳು. ಹಿರಿಯರು ಕೈ ಮುಗಿದು, "ಸೋತೆನವಾ ತಾಯಿ, ಕೂಡ್ತೀನಿ ಬಿಡು" ಎಂದರು. ಶಾಲು ಹೊದಿಸಿದ್ದೂ ಆಯಿತು, ಪದ ನಿಲ್ಲಲೂ ಇಲ್ಲ.

ಗಂಗಾವತಿಯ ಉರುಸಿನಲ್ಲಿ ಕವ್ವಾಲಿ. ಜನ ಎದ್ದು ಬಂದು ನೋಟು ಇಟ್ಟು ಹೋಗುತ್ತಾರೆ. ಇಡುವವನು ಬಗ್ಗಿ, ಇಟ್ಟು, ಎದೆ ಮುಟ್ಟಿಕೊಂಡು ಹಿಂದೆ ಸರಿಯುವ ತನಕ ಹಾಡುಗಾರ ಅದೇ ಸಾಲನ್ನು ತಿರುತಿರುಗಿ ಹಾಡುತ್ತಾನೆ, ಪ್ರತಿ ಸಲ ಬೇರೆ ಬಣ್ಣದಲ್ಲಿ. ಬಂದವನಿಗಾಗಿ ಹಾಡು ನಿಲ್ಲುವುದಿಲ್ಲ, ಬಂದವನಿಂದ ಹಾಡು ಉದ್ದವಾಗುತ್ತದೆ. ಅದರ ಬಾಗಿಲೇ ತೆರೆದಿದೆ.

"ನೋಡಿದೇನವಾ?" ಎನ್ನುತ್ತಿದ್ದರು ಕಾಕಾ. "ಎಲ್ಲಾ ಕಡೆ ನಡೀತೈತಿ. ನಿಮ್ಮ ಖಯಾಲಕ್ಕ ಅಷ್ಟ ಯಾಕ ಮಡಿ?"

"ಮಡಿ ಅಲ್ಲ ಕಾಕಾ. ರೊಟ್ಟಿ ಬಡಿಯೋವಾಗ ಮಾತಾಡ್ಸಿದ್ರ ನಡೀತೈತಿ. ಸೂಜಿಗೆ ದಾರ ಪೋಣಸೋವಾಗ ಮೊಣಕೈ ಜಗ್ಗಬಾರದು. ಎರಡೂ ಕೈಕೆಲಸಾನ."

ಅವರು ನಗುತ್ತಿದ್ದರು. ಒಪ್ಪಿದ್ದಕ್ಕೆ ನಗುತ್ತಿದ್ದಾರೆಂದು ನಾನು ತಿಳಿದಿದ್ದೆ.

ಇನ್ನು ನಿಶ್ಶಬ್ದವನ್ನೇ ದೇವರು ಮಾಡಿಕೊಂಡವರು. ಅವರ ಮೇಲೂ ನನಗೆ ಭಕ್ತಿ ಇಲ್ಲ. ಹನುಮನಹಳ್ಳಿಯ ಹತ್ತಿರ, ಬಂಡೆಗಳ ಸಾಲಿನಲ್ಲಿ, ಸಂಜೆ ಹೊತ್ತು ಪ್ರವಾಸಿಗರು ಗಿಟಾರು, ಡೋಲು ಇಟ್ಟುಕೊಂಡು ಕೂಡುತ್ತಾರೆ. ಅಕ್ಕನ ಸಾಲಿಯ ಗೆಳತಿಯೊಬ್ಬಳು ನಮ್ಮನ್ನು ಕರೆದೊಯ್ದಿದ್ದಳು. ಅವರು "ನಿಮ್ಮ ಕಡೆಯದು ಏನಾದರೂ" ಎಂದು ಕೇಳಿದರು, ಅಕ್ಕ ಹಾಡಿದಳು. ಪಿಟ್ಟೆನ್ನಲಿಲ್ಲ ಯಾರೂ. ಶಾಲಿಲ್ಲ, ಹಾರವಿಲ್ಲ, ಮೈಕಿಲ್ಲ. ಮುಗಿದ ಮೇಲೆ ಒಬ್ಬಾತ ಕಣ್ಣು ತೆರೆದು, ಬಹಳ ಹಗುರವೆನಿಸಿತು, ನಿದ್ದೆ ಬಂದ ಹಾಗಾಯಿತು ಎಂದ. ಇನ್ನೊಬ್ಬಳು ಅಂಗಾತ ಮಲಗಿಯೇ ಬಿಟ್ಟಿದ್ದಳು. ವಾಪಸು ಬರುವಾಗ ಆಟೋದಲ್ಲಿ ಅಕ್ಕ ಸಿಟ್ಟಿಗೆದ್ದು, "ನಾ ಏನ ಜೋಗುಳ ಹಾಡಿದೆನೇನ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಕಾಕಾ ಇದ್ದಿದ್ರ ಆ ಒಂದು ಜಾಗಾದಾಗ ಹಾ ಅಂತಿದ್ರು" ಎಂದಳು.

ಅಲ್ಲಿ ನನಗೆ ಹೊಳೆಯಿತು. ಅಕ್ಕನಿಗೆ ಬೇಕಾಗಿದ್ದದ್ದು ನಿಶ್ಶಬ್ದವಲ್ಲ. ಒಂದು ರಾಗವನ್ನು ಮೊದಲಿನಿಂದ ಕೊನೆಯ ತನಕ ತುಂಡಾಗದೆ ಹಾಡಬೇಕು, ಅದೂ ನಮ್ಮೂರಲ್ಲಿ, ಎದುರಿಗೆ ಕಾಕಾ ಕೂತಿರಬೇಕು. ಇಷ್ಟೇ. ಅಲ್ಲಿಯತನಕ ಅವಳು ಎಷ್ಟೋ ಕಡೆ ಹಾಡಿದ್ದಳು, ಇರಕಲ್ಲಗಡದ ಭಜನೆಯಿಂದ ಹಿಡಿದು ಮದುವೆ ಮಂಟಪದ ತನಕ, ಎಲ್ಲ ತುಂಡುತುಂಡು. ನಮ್ಮ ಕಡೆಯ ಯಾವ ವೇದಿಕೆಯಲ್ಲೂ ಪೂರ್ತಿ ಒಂದನ್ನು ಹಾಡಿರಲಿಲ್ಲ.

ಕಾಕಾ ಕೊಪ್ಪಳದ ಸಂಗೀತ ಬಳಗವೊಂದರ ಹಿರಿಯರಲ್ಲಿ ಒಬ್ಬರು. ಅವರೇ ಅಕ್ಕನ ಪೂರ್ಣ ಕಛೇರಿ ಇಡೋಣ ಎಂದರು. ಅಕ್ಕ ಮಾರವಾ ಹಾಡುತ್ತೇನೆ ಎಂದಳು. ಅದು ಸೂರ್ಯ ಮುಳುಗುವ ಹೊತ್ತಿನ ರಾಗ. ಆ ಹೊತ್ತು ಜಾರಿದರೆ ಜಾರಿತು, ಗಣ್ಯರಿಗಾಗಿ ಸೂರ್ಯ ಕಾಯುವುದಿಲ್ಲ. ಬಳಗದ ಸಭೆಗೆ ನಾನೂ ಹೋದೆ, ಮಾತಾಡಿಯೇ ತೀರಬೇಕೆಂದು ಹೋದೆ.

"ವಕೀಲವ್ವ ಬಂದ್ಲ್ರೆಪಾ, ಎಲ್ಲಾರೂ ನೆಟ್ಟಗ ಕೂಡ್ರಿ" ಎಂದು ಒಬ್ಬರು ಚಾ ಲೋಟ ಸರಿಸಿದರು.

ನಾನು ಹೇಳಿದ್ದು ಇಷ್ಟು: ಸನ್ಮಾನ ಬೇಡವೆನ್ನುವುದಿಲ್ಲ, ಎಲ್ಲವನ್ನೂ ಹಾಡಿಗಿಂತ ಮೊದಲು ಮುಗಿಸಿ. ಸಂಜೆ ಇನ್ನೂ ಬಿಸಿಲಿರುವಾಗಲೇ ಶಾಲು, ಭಾಷಣ ಎಲ್ಲ ಆಗಲಿ. ಹಾಡು ಸುರುವಾದ ಮೇಲೆ ಮೈಕು ಹಾಡುವವರದು.

"ಶಾಲು ಮೊದಲ ಕೊಟ್ರ ಅತಿಥಿಗಳು ಕೂಡೂದಿಲ್ಲವಾ" ಎಂದರು ಇನ್ನೊಬ್ಬರು. "ಶಾಲಿನ ಸಲುವಾಗಿ ಕೂಡ್ತಾರ, ಕೂತ ತಪ್ಪಿಗೆ ಹಾಡು ಕೇಳ್ತಾರ."

"ಹಂಗಾದ್ರ ಹಾಡು ಯಾಕ್ರಿ? ಶಾಲಿನ ಅಂಗಡಿ ಇಡ್ರಿ."

ನಕ್ಕರು. ಕಾಕಾ ಎಲ್ಲರಿಗಿಂತ ಜೋರಾಗಿ ನಕ್ಕು, "ಹುಡುಗಿ ಹೇಳೋದ್ರಾಗ ತಪ್ಪೇನೈತಿ? ಸನ್ಮಾನ ಮೊದಲ ಮುಗಿಸೋಣ" ಎಂದು ತೀರ್ಪು ಕೊಟ್ಟರು. ನಾನು ಸ್ಪರ್ಧೆಯ ಕಪ್ ಗೆದ್ದವಳ ಹಾಗೆ ಮನೆಗೆ ಬಂದೆ. ವಾದದಲ್ಲಿ ಗೆಲ್ಲುವುದಕ್ಕೂ ಮಂದಿಯ ಮನಸ್ಸು ತಿರುಗುವುದಕ್ಕೂ ಸಂಬಂಧ ಇರಲೇಬೇಕೆಂದೇನಿಲ್ಲ ಎಂಬುದನ್ನು ಚರ್ಚಾಸ್ಪರ್ಧೆಯಲ್ಲಿ ಕಲಿಸುವುದಿಲ್ಲ.

ಆ ದಿನ ಎಲ್ಲ ಹೇಳಿದ ಹಾಗೆಯೇ ನಡೆಯಿತು. ಬಂದ ಅತಿಥಿಗಳಿಗೆಲ್ಲ ಬಿಸಿಲಿರುವಾಗಲೇ ಶಾಲು ಬಿದ್ದವು. ಹೊದ್ದವರಲ್ಲಿ ಕೆಲವರು ಹೋದರು, ಕೆಲವರು ಕೂತರು, ಕೂತವರು ಕೂತೇ ಇದ್ದರು. ಮುಖ್ಯ ಅತಿಥಿ ಮಾತ್ರ ಇನ್ನೂ ಬಂದಿರಲಿಲ್ಲ. ಕಾಕಾ, "ಅವರು ಬಂದ್ರ ಹಿಂದ ಕೂಡಸ್ತೀನಿ, ನೀವು ಸುರು ಮಾಡ್ರಿ" ಎಂದರು. ಅವರ ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅಕ್ಕ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ತಬಲಾಕ್ಕೆ ಕೂತಿದ್ದ ಅಣ್ಣ ಕೊಪ್ಪಳದಲ್ಲೇ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವರು, ಚಿಕ್ಕಂದಿನಿಂದ ಅಕ್ಕನ ಜೊತೆಗಾರರು. "ಇವತ್ತು ಲೈಟ್ ಹೋದ್ರೂ ನಿಲ್ಲಸಬ್ಯಾಡ ಬೆಹೆನ್, ಕತ್ತಲದಾಗ ನುಡಸ್ತೀನಿ" ಎಂದರು. ಕಾಕಾ ಮುಂದಿನ ಸಾಲಿನ ನಟ್ಟನಡುವೆ ಕೂತು, ಚಷ್ಮಾ ತೆಗೆದು ಕಿಸೆಗೆ ಹಾಕಿಕೊಂಡರು. ಅವರು ಮನಸ್ಸಿಟ್ಟು ಕೇಳುವಾಗ ಹಾಗೆ ಮಾಡುವುದು.

ಮಾರವಾದ ಗುಟ್ಟು ಬಹಳ ಸರಳ, ಬಹಳ ಕ್ರೂರ. ಎಲ್ಲ ರಾಗಕ್ಕೂ ಷಡ್ಜವೆಂದರೆ ಮನೆ. ಹೋಗುತ್ತಾರೆ, ಬರುತ್ತಾರೆ. ಈ ರಾಗದಲ್ಲಿ ಹಾಡುವವರು ಮನೆಗೆ ಬರುವುದೇ ಅಪರೂಪ. ಓಣಿಯ ಆ ತುದಿಯಲ್ಲಿ ನಿಲ್ಲುತ್ತಾರೆ, ಈ ತುದಿಯಲ್ಲಿ ನಿಲ್ಲುತ್ತಾರೆ, ಕಟ್ಟೆಯ ತನಕ ಬಂದು ಮತ್ತೆ ತಿರುಗುತ್ತಾರೆ. ಕೇಳುವವರಿಗೆ ಸಂಕಟವಾಗುತ್ತದೆ, ಬಾರವ್ವಾ ಒಳಗೆ ಎನಿಸುತ್ತದೆ. ಆ ಸಂಕಟವನ್ನು ಎಷ್ಟು ಬೆಳೆಸುತ್ತಾರೋ, ಕೊನೆಗೊಮ್ಮೆ ಷಡ್ಜಕ್ಕೆ ಬಂದಾಗ ಅಷ್ಟು ನೆರಳು.

ನನಗೆ ಸಭೆ ಕಾಣುತ್ತಿತ್ತು, ಹೇಳಿದೆನಲ್ಲ. ಹಿಂದಿನ ಸಾಲಿನ ಹುಡುಗರ ಫೋನುಗಳು ಒಂದೊಂದಾಗಿ ಆರಿದವು. ಬೀಸಣಿಗೆ ಬೀಸುತ್ತಿದ್ದ ಅಜ್ಜಿಯೊಬ್ಬಳ ಕೈ ಬೀಸಣಿಗೆ ಸಮೇತ ಗಾಳಿಯಲ್ಲೇ ನಿಂತಿತು. ಹನುಮಸಾಗರದಿಂದ ಬಂದ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಸಂಗೀತವೆಂದರೆ ಆಕಳಿಸುವವರೆಂದು ಪ್ರಸಿದ್ಧರು, ಅವರ ಬಾಯಿ ತೆರೆದಿತ್ತು, ಆದರೆ ಅದು ಆಕಳಿಕೆಯಾಗಿರಲಿಲ್ಲ. ನಮ್ಮ ಮಂದಿಗೆ ಕೇಳಲು ಬರುವುದಿಲ್ಲ ಎನ್ನುವವರನ್ನು ನನ್ನ ಜಾಗದಲ್ಲಿ ತಂಬೂರಿ ಹಿಡಿಸಿ ಕೂಡಿಸಬೇಕು. ಕಾಕಾನ ಕಣ್ಣು ಮುಚ್ಚಿದ್ದವು. ತುಟಿ ಸಣ್ಣಗೆ ಅಲುಗುತ್ತಿತ್ತು.

ಕಿಟಕಿಯ ಬೆಳಕು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅಕ್ಕ ಆಲಾಪದಲ್ಲಿ ಷಡ್ಜವನ್ನು ಅಷ್ಟು ಹೊತ್ತು ತಡೆದಿಟ್ಟಿದ್ದಳು. ಈಗ ಮೇಲಿನ ಸ್ವರಗಳನ್ನೆಲ್ಲ ಒಂದೊಂದಾಗಿ ಇಳಿದು ಬಂದು ಷಡ್ಜದ ಪಕ್ಕದ ನಿಷಾದದ ಮೇಲೆ ನಿಂತಳು. ಮನೆಯ ಹೊಸ್ತಿಲು. ಇನ್ನೊಂದೇ ಹೆಜ್ಜೆ. ತಬಲಾ ಅಣ್ಣ ಬೆರಳು ಹಗುರ ಮಾಡಿದರು. ನನ್ನ ಕೈ ತಾನೇ ನಿಧಾನವಾಯಿತು.

ಬಾಗಿಲಲ್ಲಿ ಮುಖ್ಯ ಅತಿಥಿ ಕಂಡರು.

ಕಾಕಾ ಕಣ್ಣು ತೆರೆದರು. ಚಷ್ಮಾ ಹಾಕಿಕೊಂಡರು. ಎದ್ದರು. ಮೇಜಿನ ಮೇಲಿದ್ದ ಶಾಲು-ಹಾರದ ತಟ್ಟೆಯನ್ನು ಯಾರದೋ ಕೈಗೆ ಕೊಟ್ಟು, ಅತಿಥಿಯ ಮೊಣಕೈ ಹಿಡಿದು, ವೇದಿಕೆಯ ಮೆಟ್ಟಿಲು ಹತ್ತಿಸಿದರು. ಅತಿಥಿಯ ಮೇಲೆ ನನಗೆ ಸಿಟ್ಟಿಲ್ಲ. ಅವರು ತಲೆ ಬಗ್ಗಿಸಿ ಕಾಕಾನ ಕಿವಿಯಲ್ಲಿ, "ಹಾಡು ನಡದೈತಲ್ರಿ, ಆಮ್ಯಾಲ ಮಾಡೋಣಂತ" ಎಂದದ್ದು ಹಿಂದೆ ಕೂತ ನನಗೆ ಕೇಳಿಸಿತು. "ಇಲ್ರಿ ಸರ, ನಿಮಗ ಕುಷ್ಟಗಿಗೆ ಹೋಗೋದೈತಿ" ಎಂದರು ಕಾಕಾ. ಅಕ್ಕನ ಮುಂದಿನ ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡು, "ಒಂದ್ ನಿಮಿಷ" ಎಂದರು.

ಶಾಲು ಅತಿಥಿಗೆ ಅಂತ ನಾನು ತಿಳಿದೆ. ಅಲ್ಲ. ಶಾಲು ಅಕ್ಕನಿಗೆ. ಹಾಡನ್ನು ನಿಲ್ಲಿಸಿ, ಹಾಡಿದ್ದಕ್ಕಾಗಿ ಸನ್ಮಾನ. ಅತಿಥಿಯ ಕೈಯಿಂದ ಶಾಲು ಅವಳ ಹೆಗಲ ಮೇಲೆ ಬಿತ್ತು, ಹಾರ ಕೊರಳಿಗೆ, ಬುಟ್ಟಿ ತೊಡೆಯ ಮೇಲೆ, ತಲೆಗೆ ಪೇಟ. ತಬಲಾ ಅಣ್ಣ ತಾಳದ ಠೇಕಾ ಬಿಟ್ಟಿರಲಿಲ್ಲ. ಅಷ್ಟೂ ಹೊತ್ತು ಮೆಲ್ಲಗೆ, ದೀಪಕ್ಕೆ ಅಂಗೈ ಅಡ್ಡ ಹಿಡಿದವರ ಹಾಗೆ ನುಡಿಸುತ್ತಲೇ ಇದ್ದರು. ಕಾಕಾ ಅವರ ಕಡೆ ತಿರುಗಿ ಕೈ ಅಡ್ಡ ಆಡಿಸಿದರು. ಅದೂ ನಿಂತಿತು. ನನ್ನ ತಂಬೂರಿಯೊಂದೇ ಉಳಿಯಿತು. ಫೋಟೋದವನು, "ಅಕ್ಕಾರ, ಈ ಕಡೆ ಸ್ವಲ್ಪ ನಗ್ರಿ" ಎಂದ.

ಕಾಕಾ ಮೈಕನ್ನು ವಾಪಸು ತಿರುಗಿಸಿ, "ಈಗ ಗಾಯನ ಮುಂದುವರಿಯಲಿ" ಎಂದು ಅತಿಥಿಯನ್ನು ಕಳುಹಿಸಲು ಬಾಗಿಲ ತನಕ ಹೋದರು.

ಅಕ್ಕ ಪೇಟ ತೆಗೆದು ಬುಟ್ಟಿಯ ಮೇಲಿಟ್ಟಳು. ಹಾರ ತೆಗೆದು ಪೇಟದ ಮೇಲಿಟ್ಟಳು. ಶಾಲು ತೆಗೆಯಲಿಲ್ಲ, ಹೊದ್ದುಕೊಂಡೇ ಇದ್ದಳು. ನನ್ನ ಕಡೆ ತಿರುಗದೆ, ಭೈರವಿ ಎತ್ತಿಕೊಂಡಳು.

ತಿಳಿಯದವರಿಗೆ ಹೇಳುತ್ತೇನೆ. ಭೈರವಿ ಹಾಡಿದರೆಂದರೆ ಕಛೇರಿ ಮುಗಿಯಿತು. ಅದಾದ ಮೇಲೆ ಹಾಡುವ ಪದ್ಧತಿಯಿಲ್ಲ. ಅಂಗಡಿಯ ಬಾಗಿಲು ಎಳೆದು ಕೀಲಿ ಹಾಕಿದ ಹಾಗೆ. ಅಕ್ಕ ಒಂದು ಸಣ್ಣ ಪದ ಹಾಡಿದಳು, ಒಂದು ಸ್ವರವನ್ನೂ ಕಡಿಮೆ ಮಾಡದೆ, ಸಿಟ್ಟಿಲ್ಲದೆ. ಕೈ ಮುಗಿದಳು. ಸಭೆ ಇದು ಎರಡನೆಯ ಹಾಡೆಂದು ತಿಳಿದು ಚಪ್ಪಾಳೆ ತಟ್ಟಿತು, ಮೂರನೆಯದಕ್ಕೆ ಕಾಯಿತು. ಅವಳು ಎದ್ದಳು. ಬಾಗಿಲ ಹತ್ತಿರ, ಅತಿಥಿಗೆ ಬೆನ್ನು ಹಾಕಿ ನಿಂತಿದ್ದ ಕಾಕಾನನ್ನು ನಾನು ನೋಡಿದೆ. ಭೈರವಿಯ ಮೊದಲ ಸಾಲಿಗೇ ಅವರು ಗಕ್ಕನೆ ತಿರುಗಿದ್ದರು. ಇಡೀ ಸಭೆಯಲ್ಲಿ ತಿರುಗಿದವರು ಅವರೊಬ್ಬರೇ.

ಮನೆಗೆ ಬಂದು ಅಕ್ಕ ಬುಟ್ಟಿಯ ಮೋಸಂಬಿ ಸುಲಿದು ತಿಂದಳು. "ಹಣ್ಣು ಛಲೋ ಅದಾವ, ತಿನ್ನು" ಎಂದಳು. ನಾನು ಮಾತ್ರ ಕೂಗಾಡಿದೆ. ಮರುದಿನ ಕಾಕಾಗೆ ಫೋನು ಮಾಡಿ, ಒಪ್ಪಿದ ಮಾತು ಏನಾಯಿತು ಎಂದು ಕೇಳಿದೆ.

"ಮಾತಿನ ಪ್ರಕಾರನ ನಡದೀವಲ್ಲವಾ? ಅತಿಥಿಗಳ ಸನ್ಮಾನ ಮೊದಲ ಮುಗೀತು. ಇದು ಆಕಿದು. ಹಾಡೋಕಿಂತ ಮೊದಲ ಹಾಡಿದ್ದಕ್ಕ ಸನ್ಮಾನ ಹೆಂಗ ಮಾಡ್ಲಿ? ಹಾಡಿದ ಮ್ಯಾಲ ಮಾಡಬೇಕಂದ್ರ ಅವರು ಇರೂದಿಲ್ಲ. ನಮ್ಮನಿ ಹುಡುಗಿಗೆ ಅಂಥಾವರ ಕೈಲಿಂದ ಶಾಲು ಹೊದಸ್ಬೇಕಂತ ನಾ ಎಷ್ಟು ಓಡಾಡೀನಿ, ಗೊತ್ತೈತೇನು ನಿನಗ?"

ಗೊತ್ತಿತ್ತು. ಓಡಾಡಿದ್ದು ಖರೆ, ಅಕ್ಕಪಕ್ಕದವರ ಮುಂದೆ ಹೇಳಿಕೊಂಡು ಹಿಗ್ಗಿದ್ದು ಖರೆ. ಈ ವಾದಕ್ಕೆ ನನ್ನ ಹತ್ತಿರ ಪ್ರತಿವಾದ ತಯಾರಿರಲಿಲ್ಲ. ದುರುದ್ದೇಶವನ್ನು ಖಂಡಿಸಬಹುದು, ಪ್ರೀತಿಯನ್ನು ಎಲ್ಲಿಂದ ಹಿಡಿದು ಖಂಡಿಸುವುದು?

ಆದರೆ ಆಮೇಲಿನದಕ್ಕೆ ಇದೆ. ಕೆಲವು ದಿನಗಳ ನಂತರ ನಾನು ಗಂಗಾವತಿಯ ಅಂಗಡಿಯಲ್ಲಿ, ಅದೇ ಚೀಲದ ಮೇಲೆ ಕೂತಿದ್ದೆ. ಗಿರಾಕಿಯೊಬ್ಬರು, "ನಿಮ್ಮ ಅಣ್ಣನ ಮಗಳು ಅರ್ಧಕ್ಕ ಎದ್ದು ಹೋದಳಂತಲ್ರಿ?" ಎಂದರು. ಕಾಕಾ ರಸೀದಿ ಬರೆಯುತ್ತ, "ಹೂಂ. ಈಗಿನ ಹುಡುಗ್ರು" ಎಂದರು. ಅಷ್ಟೇ. ಭೈರವಿ ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಲ್ಲ ಕಡೆಯ ಕಥೆ ಅಲ್ಲೇ ಬದಲಾಗುತ್ತಿತ್ತು. ಹೇಳಲಿಲ್ಲ. ಆಮೇಲೆ ಅಕ್ಕನಿಗೆ ಕರೆ ಬರುವುದು ನಿಂತಿತು. ಹನುಮಸಾಗರದವರು ಒಂದು ಕಾರ್ಯಕ್ರಮಕ್ಕೆ ಕೇಳಿದ್ದವರು, "ಬ್ಯಾರೆಯವರು ಸಿಕ್ಕಾರ" ಎಂದರು.

ಅಂಗಡಿಯ ಮಾತನ್ನು ಅಕ್ಕನಿಗೆ ಹೇಳಿದಾಗ ಅವಳು ಬಟ್ಟೆ ಮಡಚುತ್ತಿದ್ದಳು. "ಕಾಕಾಗ ತಿಳೀಲಿಲ್ಲ ಅಂದ್ರ ನನಗ ಸಿಟ್ಟ ಇಲ್ಲ" ಎಂದಳು. "ತಿಳದೂ ಎದ್ದು ಬಂದ್ರಂದ್ರ, ನಾ ಇನ್ನ ಯಾರ ಮುಂದ ಹಾಡ್ಲಿ? ನೂರು ಮಂದಿ ಬೇಕಂತ ನಾ ಯಾವತ್ತೂ ಅಂದಿಲ್ಲ. ಗೊತ್ತಿದ್ದಾವ್ರು ಒಬ್ರು ಎದುರಿಗೆ ಅದಾರ ಅಂತ ಹಾಡ್ತಿದ್ದೆ." ಆಮೇಲೆ ಅವಳು ವೇದಿಕೆ ಹತ್ತಿಲ್ಲ. ಸಾಲಿಯ ಮಕ್ಕಳಿಗೆ ಸರಿಗಮ ಹೇಳಿಕೊಡುತ್ತಾಳೆ, ಮನೆಗೆ ಬರುತ್ತಾಳೆ. ತಂಬೂರಿಯ ಗವಸು ಬಿಚ್ಚಿಲ್ಲ.

ಮೊನ್ನೆ ಕಾಕಾ ಮನೆಗೆ ಬಂದಿದ್ದರು. ಗಂಗಾವತಿಯಲ್ಲಿ ಹೊಸ ಕಾರ್ಯಕ್ರಮವಂತೆ, ಅಕ್ಕನೇ ಹಾಡಬೇಕಂತೆ. ಬರುವಾಗ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದರು, ಎಣ್ಣೆ ಕಾಗದದ ಮೇಲೆ ಮೂಡಿತ್ತು. ಅಕ್ಕ "ಬರ್ರಿ ಕಾಕಾ" ಎಂದು ನೀರು ಕೊಟ್ಟು ಚಾ ಮಾಡಲು ಅಡುಗೆಮನೆಗೆ ಹೋದಳು, ಹೊರಗೆ ಬರಲಿಲ್ಲ.

"ಈ ಸಲ ನೀ ಹೇಳಿದಂಗ" ಎಂದರು ಕಾಕಾ ನನಗೆ, ದನಿ ತಗ್ಗಿಸಿ. "ಕಲಾವಿದರ ಸನ್ಮಾನಾನೂ ಮೊದಲ ಮಾಡಿಬಿಡೋಣ. ಶಾಲು ಹೊದ್ಕೊಂಡ ಹಾಡಾಕ ಕೂಡ್ಲಿ. ಯಾರೂ ನಡುವ ಬರೂದಿಲ್ಲ."

ನಾನು ಅಡುಗೆಮನೆಯ ಕಡೆ ನೋಡಿದೆ.

"ನೀ ಹೇಳಿದ್ರ ಕೇಳ್ತಾಳ. ವಕೀಲವ್ವ ಅಲ್ಲೇನ ನೀ? ವಾದ ಮಾಡಿ ಒಪ್ಪಸು. ಆಕಿ ಸಿಟ್ಟು ನನಗ ತಿಳೀತೈತಿ, ಆದ್ರ ಅಂಥಾದ್ದೇನ ಮಾಡೀನಿ ನಾನು?"

ನನ್ನ ಹತ್ತಿರ ವಾದಗಳಿಗೇನು ಕಮ್ಮಿ? ಇಷ್ಟು ದಿನ ಒಂದರ ಮೇಲೊಂದು ಪೇರಿಸಿಟ್ಟುಕೊಂಡಿದ್ದೆ. ಪದ್ಧತಿಯ ಮೇಲೊಂದು, ಕೊಟ್ಟ ಮಾತಿನ ಮೇಲೊಂದು, ಅಂಗಡಿಯಲ್ಲಿ ಅಂದ "ಹೂಂ" ಮೇಲೊಂದು. ಆದರೆ ಅಕ್ಕ ಹಾಡುವುದು ಬಿಡುವುದು ಅವು ಯಾವುದರ ಮೇಲೂ ನಿಂತಿರಲಿಲ್ಲ. ಅಡುಗೆಮನೆಯಲ್ಲಿ ಚಮಚದ ಸಪ್ಪಳ ನಿಂತಿತ್ತು. ಅವಳು ಬಾಗಿಲ ಹಿಂದೆ ಲೋಟ ಹಿಡಿದು ನಿಂತಿದ್ದಾಳೆಂದು ನನಗೆ ಗೊತ್ತಾಯಿತು. ನಾನು ಮಿರ್ಚಿಯ ಪೊಟ್ಟಣವನ್ನು ಬಿಚ್ಚಿ ಕಾಕಾನ ಮುಂದೆ ಸರಿಸಿದೆ. ಟೇಪಿನ ಮುಂದೆ ಅವರು ನಮಗೆ ಎತ್ತುತ್ತಿದ್ದ ಹಾಗೆಯೇ ಒಂದು ಬೆರಳೆತ್ತಿದೆ.

"ಕಾಕಾ, ನೀವು ಶಾಲು ಹಿಡ್ಕೊಂಡು ಮ್ಯಾಲ ಬಂದಾಗ, ಅಕ್ಕ ಯಾವ ಸ್ವರದ ಮ್ಯಾಲ ಇದ್ದಳು?"